‘ನಂಬಿಕೊಂಡು ಬಂದ’ ದೈವಕ್ಕೆ ಇಂಗ್ಲಿಷಿನ ಮಾತು

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದಿತು. ಅದೇ ವರ್ಷ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ತುಳುನಾಡಿನ ಪಾಡ್ದನಗಳ ಇಂಗ್ಲಿಷ್ ಅನುವಾದ ಕಂತುಕಂತಾಗಿ ಬರತೊಡಗಿತು, 1897ರವರೆಗೂ ಬಂತು. ಅದಕ್ಕೆ ಆಧಾರವಾಗಿದ್ದ ಕಾಗದಪತ್ರಗಳು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎ.ಸಿ. ಬರ್ನೆಲ್ ಅವರವು. ಅವರು 1882ರಲ್ಲೇ ತೀರಿಕೊಂಡಿದ್ದರು. ಲೇಖನಮಾಲೆಯ ಹೆಸರು ‘ದಿ ಡೆವಿಲ್ ವರ್ಷಿಪ್ ಆಫ್ ದಿ ತುಳುವಾಸ್’.

ಡೆವಿಲ್ ವರ್ಷಿಪ್. ನನ್ನ ಸಂಶೋಧನೆಯ ಟಿಪ್ಪಣಿಗಳಲ್ಲಿ ಈ ಎರಡು ಪದಗಳ ಜೋಡಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಜೋಡಿಪದಗಳ ಸ್ವಭಾವವೇ ಅದು. ಒಮ್ಮೆ ಅಂಟಿಕೊಂಡರೆ ಮುಂದಿನವರು ಯೋಚಿಸದೆ ಎತ್ತಿಕೊಳ್ಳುತ್ತಾರೆ. ಇಂಗ್ಲಿಷ್ ಕಲಿಸುವವರೂ ಇವನ್ನು ಹಾಗೆಯೇ ಒಟ್ಟಾಗಿ ಬಾಯಿಪಾಠ ಮಾಡಿಸುತ್ತಾರೆ: ಫರ್ಮ್ ಬಿಲೀಫ್, ಹೋಲ್ಡ್ ಎ ವ್ಯೂ, ಫಾರ್ಮ್ ಆ್ಯನ್ ಒಪೀನಿಯನ್. ಈ ಮಾತುಗಳಲ್ಲಿ ನಂಬಿಕೆಯೆಂದರೆ ಒಬ್ಬ ವ್ಯಕ್ತಿಯ ತಲೆಯೊಳಗಿನ ವಸ್ತು. ಅವನು ಅದನ್ನು ರೂಪಿಸಿಕೊಳ್ಳಬಹುದು, ಹಿಡಿದಿಟ್ಟುಕೊಳ್ಳಬಹುದು, ಬೇಡವೆನಿಸಿದರೆ ಬಿಟ್ಟುಬಿಡಬಹುದು.

ಕನ್ನಡದಲ್ಲಿ ನಾವು ನಂಬಿಕೆಯನ್ನು ‘ಇಡು’ತ್ತೇವೆ. ಇಡುವುದಕ್ಕೆ ಜಾಗ ಬೇಕು. ಯಾರ ಮೇಲೆ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಮಂಗಳೂರಿನ ಸುತ್ತಮುತ್ತ ಇದಕ್ಕಿಂತಲೂ ಉದ್ದದ ಮಾತೊಂದು ಬಳಕೆಯಲ್ಲಿದೆ: ‘ನಮ್ಮ ಕುಟುಂಬದವರು ನಂಬಿಕೊಂಡು ಬಂದ ದೈವ’. ‘ಬಂದ’ ಎಂಬ ಆ ಸಣ್ಣ ಪದದಲ್ಲಿ ಅಜ್ಜಿ, ಅಜ್ಜಿಯ ಅಮ್ಮ, ಅವರ ಗದ್ದೆ, ಪಾಲಾಗಿ ಹೋದ ಮನೆ ಎಲ್ಲ ಇದ್ದಾರೆ. ದೈವ ಇದೆ ಎಂದು ವಾದಿಸುವ ಮಾತಲ್ಲ ಅದು. ದೈವಕ್ಕೂ ಮನೆಗೂ ನಡುವಿನ ಸಂಬಂಧದ ಮಾತು. ‘ನನಗೆ ಇದೆಲ್ಲ ನಂಬಿಕೆ ಇಲ್ಲ’ ಎನ್ನುವವರೂ ವರ್ಷದ ಕೋಲಕ್ಕೆ ಮುಂಬಯಿಯಿಂದ ರಜೆ ಹಾಕಿ ಬರುವುದುಂಟು. ಇದನ್ನು ‘ದೇ ಬಿಲೀವ್ ಇನ್ ಸ್ಪಿರಿಟ್ಸ್’ ಎಂದು ಬರೆದರೆ ಅವರನ್ನು ಎಲ್ಲಿ ಕೂರಿಸುವುದು?

ಇಷ್ಟಕ್ಕೂ ತಪ್ಪು ಇಂಗ್ಲಿಷಿನ ಪದದ್ದಲ್ಲ. ಧರ್ಮಗಳ ಇತಿಹಾಸಕಾರ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1977ರ ‘ಬಿಲೀಫ್ ಆ್ಯಂಡ್ ಹಿಸ್ಟರಿ’ಯಲ್ಲಿ ತೋರಿಸಿದಂತೆ, ‘ಬಿಲೀವ್’ ಎಂಬುದಕ್ಕೆ ಹಿಂದೆ ಪ್ರೀತಿಸು, ನಿಷ್ಠೆಯಿಂದಿರು ಎಂಬ ಅರ್ಥವಿತ್ತು. ಪ್ರೀತಿಗಿರುವ ‘ಲವ್’ ಪದದ ಬೇರೇ ಅದರದ್ದೂ. ಅಂದರೆ ಅದೂ ಒಂದು ಕಾಲದಲ್ಲಿ ನಮ್ಮ ‘ನಂಬು’ವಿನ ಹತ್ತಿರವೇ ಇತ್ತು. ಆಧುನಿಕ ಕಾಲದಲ್ಲಿ ಅದು ಸಂಬಂಧದಿಂದ ಅಭಿಪ್ರಾಯದ ಕಡೆಗೆ ಸರಿಯಿತು. ನಮ್ಮ ಪಾಡ್ದನಗಳು ಇಂಗ್ಲಿಷಿಗೆ ಹೋಗುವ ಹೊತ್ತಿಗೆ ಆ ಪಯಣ ಮುಗಿದಿತ್ತು.

ಬರ್ನೆಲ್ ಪಾಡ್ದನಗಳನ್ನು ಮೂಲದಲ್ಲೇ ಉಳಿಸಿದವರು; ಅವರ ಮೇಲೆ ಸಿಟ್ಟಾಗುವುದು ನನಗೆ ಕಷ್ಟ. ಬಾಸೆಲ್ ಮಿಶನ್ನಿನ ಮ್ಯಾನರ್ ಕೂಡ ಹಾಗೆಯೇ. ಮತಪ್ರಚಾರಕ್ಕೆ ಬಂದವರು 1886ರಲ್ಲಿ ತುಳು–ಇಂಗ್ಲಿಷ್ ನಿಘಂಟು ಕೊಟ್ಟರು, ಪಾಡ್ದನಗಳನ್ನೂ ಅಚ್ಚು ಹಾಕಿಸಿದರು. ಹಾಡು ಉಳಿಯಿತು. ಅದರ ತಲೆಬರಹದಲ್ಲಿ ‘ಡೆವಿಲ್’ ಕೂಡ ಉಳಿಯಿತು.

1984ರಲ್ಲಿ ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯರ ಇಂಗ್ಲಿಷ್ ಪುಸ್ತಕ ಉಡುಪಿಯಿಂದ ಬಂದಾಗ ಹೆಸರು ‘ಭೂತ ವರ್ಷಿಪ್’ ಎಂದಿತ್ತು. ಜೋಡಿಯ ಮೊದಲ ಪದ ತುಳುನಾಡಿಗೆ ಮರಳಿತು, ಎರಡನೆಯದು ಇದ್ದಲ್ಲೇ ಇತ್ತು. ಈಗ ಅನೇಕರು ‘ಭೂತಾರಾಧನೆ’ ಬಿಟ್ಟು ‘ದೈವಾರಾಧನೆ’ ಎನ್ನುತ್ತಾರೆ. ‘ಭೂತ’ಕ್ಕೆ ಅಂಟಿದ ದೆವ್ವದ ವಾಸನೆ ಅವರಿಗೆ ಬೇಡ. ‘ವರ್ಷಿಪ್’ ಮಾತ್ರ ‘ಆರಾಧನೆ’ಯ ವೇಷದಲ್ಲಿ ಮುಂದುವರಿದಿದೆ. ಮನೆಗಳಲ್ಲಿ ಜನ ದೈವವನ್ನು ಆರಾಧಿಸುತ್ತೇವೆ ಎನ್ನುವುದನ್ನು ನಾನು ಕೇಳಿದ್ದು ಕಡಿಮೆ. ಅವರು ಕೋಲ ‘ಕೊಡು’ತ್ತಾರೆ, ನೇಮ ‘ಕೊಡು’ತ್ತಾರೆ.

ಇಂಥ ಜೋಡಿಗಳು ಕೇವಲ ಪ್ರಬಂಧ ಬರೆಯುವವರ ತಲೆನೋವಲ್ಲ. ಪತ್ರಿಕೆಗಳು ‘ಮೂಢನಂಬಿಕೆ ನಿಷೇಧ ಕಾಯ್ದೆ’ ಎಂದು ಕರೆದ, 2020ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಕಾನೂನಿನ ಅಧಿಕೃತ ಹೆಸರಿನಲ್ಲಿ ‘ನಂಬಿಕೆ’ ಎಂಬ ಪದವೇ ಇಲ್ಲ. ಅಮಾನವೀಯ ದುಷ್ಟ ಪದ್ಧತಿ, ವಾಮಾಚಾರ ಎಂದಷ್ಟೇ ಇದೆ. ಮಾಡಿದ್ದನ್ನು ನಿಷೇಧಿಸಬಹುದು, ನಂಬಿದ್ದನ್ನು ಹೇಗೆ ನಿಷೇಧಿಸುವುದು? ಕರಡು ಬರೆದವರಿಗೆ ಈ ವ್ಯತ್ಯಾಸ ತಿಳಿದಿತ್ತು ಎಂದು ನನಗನಿಸುತ್ತದೆ. ತಲೆಬರಹ ಕೊಟ್ಟವರಿಗೆ ಹಳೆಯ ಜೋಡಿಯೇ ಕೈಗೆ ಸಿಕ್ಕಿತು.