ಬೆಂಕಿಪೊಟ್ಟಣದಿಂದ ಯಂತ್ರಹಸ್ತದವರೆಗೆ: ಎಡಿನ್‌ಬರೋದ ಒಂದು ವಿದ್ಯಾಪರಂಪರೆ

ಕಲಿಸುವವರು ಮತ್ತು ಕಲಿಯುವವರು ಇರುವವರೆಗೆ ವಿದ್ಯೆಯೊಂದು ಬದುಕಿರುತ್ತದೆ ಎಂಬುದು ನಮ್ಮ ಮೌಖಿಕ ಪರಂಪರೆಗಳ ಅನುಭವ. ಯಂತ್ರಮಾನವ ಮತ್ತು ಕೃತಕ ಬುದ್ಧಿಮತ್ತೆಯಂತಹ ಆಧುನಿಕ ಶಾಸ್ತ್ರಕ್ಕೂ ಈ ಮಾತು ಅನ್ವಯಿಸುತ್ತದೆಯೇ? ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಚರಿತ್ರೆಯನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಗುಪ್ತಲಿಪಿ ಭೇದಿಸುವ ಕಾರ್ಯದಲ್ಲಿ ತೊಡಗಿ, ಅಲನ್ ಟ್ಯೂರಿಂಗ್ ಅವರ ಒಡನಾಟ ಪಡೆದಿದ್ದ ಡೊನಾಲ್ಡ್ ಮಿಕಿ ಈ ಪರಂಪರೆಯ ಆದ್ಯರು. 1960ರ ದಶಕದ ಆರಂಭದಲ್ಲಿ ಅವರು ಸುಮಾರು 300 ಬೆಂಕಿಪೊಟ್ಟಣಗಳನ್ನು ಬಳಸಿ, ಒಂಬತ್ತು ಮನೆಗಳಲ್ಲಿ ಸೊನ್ನೆ ಮತ್ತು ಗುಣಕ ಚಿಹ್ನೆಗಳನ್ನು ಬರೆದು ಆಡುವ ಮಕ್ಕಳ ಆಟವನ್ನು ಕಲಿಯುವ ಸಾಧನವೊಂದನ್ನು ರೂಪಿಸಿದರು. ಒಂದೊಂದು ಪೊಟ್ಟಣವು ಆಟದ ಒಂದೊಂದು ಸ್ಥಿತಿಯನ್ನು, ಅದರೊಳಗಿನ ಬಣ್ಣದ ಮಣಿಗಳು ಸಾಧ್ಯವಿರುವ ನಡೆಗಳನ್ನು ಸೂಚಿಸುತ್ತಿದ್ದವು. ಗೆದ್ದರೆ ಆಡಿದ ನಡೆಗಳ ಬಣ್ಣದ ಮಣಿಗಳನ್ನು ಹೆಚ್ಚಿಸುವುದು, ಸೋತರೆ ಆ ಮಣಿಗಳನ್ನು ತೆಗೆದುಬಿಡುವುದು. ಇಷ್ಟರಿಂದಲೇ ಒಳ್ಳೆಯ ನಡೆಗಳು ಕ್ರಮೇಣ ಉಳಿದುಕೊಳ್ಳುತ್ತಿದ್ದವು. ನಮ್ಮ ಅಳಗುಳಿಮಣೆಗೂ ಇದಕ್ಕೂ ಚಾರಿತ್ರಿಕ ಸಂಬಂಧವಿಲ್ಲ. ಆದರೂ ಗುಳಿಗಳಲ್ಲಿ ಕಾಳು ಏರಿಳಿಯುವುದನ್ನು ಕಂಡವರಿಗೆ ಈ ಸಾಧನದ ತತ್ತ್ವ ಅಪರಿಚಿತವೆನಿಸದು.

1966ರಲ್ಲಿ ಎಡಿನ್‌ಬರೋದಲ್ಲಿ ಯಂತ್ರಬುದ್ಧಿ ಮತ್ತು ಗ್ರಹಿಕೆಯ ವಿಭಾಗ ಆರಂಭವಾಯಿತು. ಅಲ್ಲಿ ಸಿದ್ಧವಾದ ‘ಫ್ರೆಡ್ಡಿ’ ಎಂಬ ಯಂತ್ರಮಾನವವು ಮೇಜಿನ ಮೇಲೆ ರಾಶಿ ಹಾಕಿದ ಮರದ ಬಿಡಿಭಾಗಗಳನ್ನು ಕ್ಯಾಮೆರಾದ ಮೂಲಕ ಗುರುತಿಸಿ, ರಾಶಿಯನ್ನು ಬಿಡಿಸಿ, ಆಟಿಕೆಯ ಕಾರನ್ನು ಜೋಡಿಸುತ್ತಿತ್ತು. ಬಡಗಿಯ ಮಗ ನೋಡನೋಡುತ್ತಲೇ ಕಲಿತುಬಿಡುವ ಈ ಕೆಲಸಕ್ಕೆ ಯಂತ್ರವು ಹಲವು ಗಂಟೆಗಳನ್ನು ತೆಗೆದುಕೊಳ್ಳುತ್ತಿತ್ತು. ಕಣ್ಣು ಮತ್ತು ಕೈಗಳಲ್ಲಿ ಅಡಗಿರುವ ಅಲಿಖಿತ ಜ್ಞಾನವು ಎಷ್ಟು ಜಟಿಲವಾದುದೆಂಬುದನ್ನು ಈ ಪ್ರಯೋಗವು ಮನಗಾಣಿಸಿತು.

ಇದೇ ವೇಳೆಗೆ ವಿಪತ್ತು ಒದಗಿತು. ವಿಜ್ಞಾನ ಸಂಶೋಧನಾ ಮಂಡಳಿಯ ಕೋರಿಕೆಯಂತೆ ಗಣಿತಜ್ಞ ಸರ್ ಜೇಮ್ಸ್ ಲೈಟ್‌ಹಿಲ್ ಸಿದ್ಧಪಡಿಸಿದ ವರದಿ 1973ರಲ್ಲಿ ಪ್ರಕಟವಾಯಿತು. ಸಣ್ಣ ಜಗತ್ತಿನಲ್ಲಿ ಫಲಿಸುವ ವಿಧಾನಗಳು ಆಯ್ಕೆಗಳು ಹೆಚ್ಚಿದಂತೆ ಸೋಲುತ್ತವೆ ಎಂಬ ಅವರ ಆಕ್ಷೇಪದಲ್ಲಿ ಸತ್ಯಾಂಶವಿತ್ತು. ಆದರೆ ಅದರ ಪರಿಣಾಮವಾಗಿ ಬ್ರಿಟನ್ನಿನಲ್ಲಿ ಈ ಶಾಸ್ತ್ರಕ್ಕೆ ದೊರೆಯುತ್ತಿದ್ದ ಧನಸಹಾಯವು ಬಹುಮಟ್ಟಿಗೆ ಕುಗ್ಗಿತು. ಫ್ರೆಡ್ಡಿಯ ಯೋಜನೆಯೂ ಮುಂದುವರಿಯಲಿಲ್ಲ.

ಬೋಧನೆ ಮಾತ್ರ ನಿಲ್ಲಲಿಲ್ಲ ಎಂಬುದು ಇಲ್ಲಿ ಗಮನಾರ್ಹ. 1974ರಲ್ಲಿ ರೂಪುಗೊಂಡ ಕೃತಕ ಬುದ್ಧಿಮತ್ತೆ ವಿಭಾಗವು ಜಿಮ್ ಹೋ ಅವರ ನೇತೃತ್ವದಲ್ಲಿ ಪದವಿ ವಿದ್ಯಾರ್ಥಿಗಳಿಗೂ ಪಾಠ ಹೇಳಿತು. 1972ರಲ್ಲಿ ಇಲ್ಲಿಗೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದ ಜೆಫ್ರಿ ಹಿಂಟನ್ ಅವರು ಅಂದು ಬಹುಜನರು ಕೈಬಿಟ್ಟಿದ್ದ ನರಜಾಲಗಳ ವಿಚಾರವನ್ನೇ ಹಿಡಿದು 1978ರಲ್ಲಿ ಡಾಕ್ಟರೇಟ್ ಪಡೆದರು. 2024ರಲ್ಲಿ ಅವರಿಗೆ ಜಾನ್ ಹಾಪ್‌ಫೀಲ್ಡ್ ಅವರೊಂದಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

1998ರಲ್ಲಿ ಈ ವಿಭಾಗವು ಗಣಕವಿಜ್ಞಾನ ಮೊದಲಾದವುಗಳೊಡನೆ ವಿಲೀನಗೊಂಡಿತು. 2002ರ ಡಿಸೆಂಬರ್‌ನಲ್ಲಿ ನಗರದ ಕೌಗೇಟ್ ಪ್ರದೇಶದಲ್ಲಿ ಹೊತ್ತಿದ ಬೆಂಕಿಗೆ ಅದರ ಅಮೂಲ್ಯ ಗ್ರಂಥಭಂಡಾರವೂ ಆಹುತಿಯಾಯಿತು. ಹೀಗೆ ಹಣ, ಯೋಜನೆ, ಗ್ರಂಥ ಇವೆಲ್ಲವನ್ನೂ ಒಂದೊಂದಾಗಿ ಕಳೆದುಕೊಂಡರೂ ವಿದ್ಯೆಯು ಗುರುವಿನಿಂದ ಶಿಷ್ಯರಿಗೆ ಸಾಗಿಬಂದಿತು.

ಜಾನಪದ ವಿಭಾಗಗಳು ಇಂದು ಎದುರಿಸುತ್ತಿರುವ “ಇದರಿಂದ ಪ್ರಯೋಜನವೇನು?” ಎಂಬ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆ ಯಂತ್ರಬುದ್ಧಿಯ ಶಾಸ್ತ್ರವೂ ಎದುರಿಸಿತ್ತು. ಅಂದು ಅದರ ಪಾಠವನ್ನೂ ನಿಲ್ಲಿಸಿದ್ದರೆ ಮುಂದಿನ ಫಲವನ್ನು ಕೊಯ್ಯುವವರು ಅಲ್ಲಿ ಇರುತ್ತಿರಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯೆಂದು ವಿಭಾಗವೊಂದನ್ನು ಮುಚ್ಚಲು ಹೊರಡುವವರು ಈ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಒಳಿತು.