ಬಸ್ಸಿನಲ್ಲೇ ಮಂಗಳೂರು, ಉಳ್ಳಾಲ: ಬಯಲುಸೀಮೆಯಿಂದ ಬರುವವರಿಗೆ ಕೈಪಿಡಿ

ಹೊಳಲ್ಕೆರೆ ತಾಲೂಕಿನ ತಾಳ್ಯದಂತಹ ಊರಿನಿಂದ ಕಡಲು ನೋಡಲು ಹೊರಡುವವರು ಸಾಮಾನ್ಯವಾಗಿ ವ್ಯಾನ್ ಗೊತ್ತುಮಾಡುತ್ತಾರೆ. ಬಾಡಿಗೆ ಹಂಚಿಕೊಳ್ಳಲಾಗದ ವಿಧವೆಯರು, ಕೂಲಿಕಾರರು, ವಯಸ್ಸಾದವರು ಊರಲ್ಲೇ ಉಳಿಯುತ್ತಾರೆ. ಆದರೆ ಮಂಗಳೂರು ಬಸ್ಸಿನ ಊರು. ಸ್ವಲ್ಪ ಮುಂಚಿತವಾಗಿ ತಿಳಿದುಕೊಂಡರೆ ಎರಡು ದಿನಗಳಲ್ಲಿ ಮುಖ್ಯ ಸ್ಥಳಗಳನ್ನೆಲ್ಲ ಬಸ್ಸಿನಲ್ಲೇ ನೋಡಬಹುದು. ಪ್ರವಾಸ ಏರ್ಪಡಿಸುವ ಧರ್ಮಕೇಂದ್ರದ ಕಾರ್ಯಕರ್ತರಿಗೂ ಅನುಕೂಲವಾಗಲೆಂದು ಈ ಮಾಹಿತಿ ನೀಡಲಾಗಿದೆ.

ತಲುಪುವುದು ಹೇಗೆ?

ತಾಳ್ಯದಿಂದ ಹೊಳಲ್ಕೆರೆಗೆ ಬಂದು, ಅಲ್ಲಿಂದ ಶಿವಮೊಗ್ಗ ತಲುಪಿ ಮಂಗಳೂರು ಬಸ್ಸು ಹಿಡಿಯುವುದು ಸರಳ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕಾರ್ಕಳ, ಮೂಡುಬಿದಿರೆಯ ಮೂಲಕ ಘಟ್ಟ ಇಳಿಯುವ ಹೆದ್ದಾರಿ ಇದೆ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಕುಸಿದು ಘಟ್ಟದ ರಸ್ತೆಗಳು ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ವಿಚಾರಿಸಿರಿ.

ಸರಕಾರಿ ಬಸ್ಸುಗಳ ನಿಲ್ದಾಣ ಬಿಜೈಯಲ್ಲಿದೆ. ನಗರದೊಳಗಿನ ಬಸ್ಸುಗಳ ಕೇಂದ್ರ 'ಸ್ಟೇಟ್ ಬ್ಯಾಂಕ್'. ಕಂಡಕ್ಟರ್ ಕೂಗುವುದೂ ಇದೇ ಹೆಸರನ್ನು. ರೈಲಿನಲ್ಲಿ ಬರುವವರು ಗಮನಿಸಿರಿ: ಮಂಗಳೂರು ಸೆಂಟ್ರಲ್ ನಿಲ್ದಾಣ ಪೇಟೆಯ ನಡುವೆ ಇದೆ. ಮಂಗಳೂರು ಜಂಕ್ಷನ್ ಪೇಟೆಯಿಂದ ದೂರ.

ಮಹಿಳೆಯರಿಗೊಂದು ಸೂಚನೆ

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಲಿ. ಆದರೆ ಕರಾವಳಿಯಲ್ಲಿ, ಅದರಲ್ಲೂ ಮಂಗಳೂರು ನಗರದಲ್ಲಿ, ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಅವುಗಳಿಗೆ ಈ ಸೌಲಭ್ಯವಿಲ್ಲ. ಎಲ್ಲವೂ ಉಚಿತವೆಂದು ನಂಬಿ ಬಂದವರು ಅರ್ಧದಾರಿಯಲ್ಲಿ ಪೇಚಿಗೆ ಸಿಲುಕದಿರಲಿ. ನಗರದ ಓಡಾಟಕ್ಕೆ ಚಿಲ್ಲರೆ ಹಣ ಬೇರೆಯಾಗಿ ಇಟ್ಟುಕೊಳ್ಳಿರಿ.

ಮೊದಲ ದಿನ: ಪೇಟೆಯ ನಡುವೆ

ಮೊದಲ ದಿನದ ಸ್ಥಳಗಳಲ್ಲಿ ಹೆಚ್ಚಿನವು ನಡೆದು ಹೋಗುವಷ್ಟು ಹತ್ತಿರ. ಸ್ಟೇಟ್ ಬ್ಯಾಂಕ್ ನಿಲ್ದಾಣದ ಬಳಿಯೇ ರೊಸಾರಿಯೊ ಪ್ರಧಾನಾಲಯವಿದೆ. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಆರಂಭವಾದ ಈ ದೇವಾಲಯವನ್ನು ದೊಡ್ಡ ಗುಮ್ಮಟದಿಂದಲೇ ಗುರುತಿಸಬಹುದು. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಂದ ಸ್ಥಾಪನೆಯಾಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಎರಡೂ ದೇವಾಲಯಗಳು ನೆಲಸಮವಾದವು. 1799ರ ನಂತರ ಮರಳಿ ಬಂದವರು ಅವನ್ನು ಮತ್ತೆ ಕಟ್ಟಿದರು. ಇಂದು ಕಾಣುವ ಕಟ್ಟಡಗಳು 20ನೇ ಶತಮಾನದವು.

ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ತಿದರೆ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಇದರ ಗೋಡೆ, ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳನ್ನು ಹಸಿಗಾರೆಯ ಮೇಲೆಯೇ ಬರೆಯಲಾಗಿದೆ. ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕಾದ ಕಲೆಯಿದು. ಆದ್ದರಿಂದಲೇ ಬಣ್ಣ ಗಾರೆಯೊಂದಿಗೆ ಬೆರೆತು ಉಳಿದಿದೆ. ಅವಸರದಲ್ಲಿ ನೋಡಿ ಬರಬೇಡಿರಿ, ಅರ್ಧ ಗಂಟೆಯಾದರೂ ಕುಳಿತುಕೊಳ್ಳಿರಿ. ಏರು ಹತ್ತಲಾಗದವರಿಗೆ ಹಂಪನಕಟ್ಟೆಯಿಂದ ಆಟೋ ಸಿಗುತ್ತದೆ.

ಅಲ್ಲಿಂದ ಮುಂದೆ ಬಲ್ಮಠ. ಬಾಸೆಲ್ ಮಿಶನ್ ಇಲ್ಲಿ ನೆಲೆಯೂರಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದದ್ದು ಮಂಗಳೂರಿನಿಂದ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಕದ್ರಿ ಕಡೆಯ ಬಸ್ಸು ಹತ್ತಿದರೆ ಮಂಜುನಾಥ ದೇವಸ್ಥಾನ ತಲುಪಬಹುದು. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿ.ಶ. 968ರದು, ಆಳುಪ ಅರಸ ಕುಂದವರ್ಮನ ಕಾಲದ್ದು.

ಎರಡನೆಯ ದಿನ: ಉಳ್ಳಾಲ ಮತ್ತು ಕಡಲು

ಸ್ಟೇಟ್ ಬ್ಯಾಂಕಿನಿಂದ ಉಳ್ಳಾಲ, ಸೋಮೇಶ್ವರಗಳಿಗೆ ಬಸ್ಸುಗಳಿವೆ. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಕಡಲ ಕಡೆಗೆ ತಿರುಗುತ್ತದೆ. ಬಸ್ಸಿನ ಸಂಖ್ಯೆ ನೆನಪಿಡುವುದಕ್ಕಿಂತ ಇಳಿಯಬೇಕಾದ ಊರನ್ನು ಕಂಡಕ್ಟರರಿಗೆ ಹೇಳುವುದು ಉತ್ತಮ.

ಉಳ್ಳಾಲ 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಚೌಟ ಮನೆತನದ ರಾಣಿ ಅಬ್ಬಕ್ಕನ ಊರು. ರೊಸಾರಿಯೊ ದೇವಾಲಯ ಆರಂಭವಾದ ಅದೇ 1568ರಲ್ಲಿ ಪೋರ್ಚುಗೀಸ್ ಸೇನೆ ಉಳ್ಳಾಲದ ಮೇಲೆ ದಾಳಿ ಮಾಡಿತು. ಎರಡೂ ನಮ್ಮದೇ ಚರಿತ್ರೆ. ಮಕ್ಕಳನ್ನು ಕರೆತರುವವರು ಒಂದನ್ನು ಹೇಳಿ ಇನ್ನೊಂದನ್ನು ಬಿಡದಿರಲಿ. ಊರಲ್ಲಿ ಅಬ್ಬಕ್ಕನ ಪ್ರತಿಮೆಯಿದೆ. ಎಲ್ಲ ಮತದವರೂ ಹರಕೆ ಹೊರುವ ಸಯ್ಯದ್ ಮದನಿ ದರ್ಗಾ ಇಲ್ಲಿದೆ. ಸೋಮನಾಥ ದೇವಸ್ಥಾನ ಕಡಲಿಗೆ ಅಂಟಿಕೊಂಡಂತೆ ಸೋಮೇಶ್ವರದಲ್ಲಿದೆ.

ಮಧ್ಯಾಹ್ನದ ನಂತರ ಸ್ಟೇಟ್ ಬ್ಯಾಂಕಿಗೆ ಮರಳಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಬಹುದು. ಟಿಪ್ಪುವಿನ ಕಾಲದ ಕರಿಕಲ್ಲಿನ ಈ ಕಾವಲು ಬುರುಜು ಗುರುಪುರ ನದಿಯ ದಡದಲ್ಲಿದೆ. ನದಿಯಾಚೆ ತಣ್ಣೀರುಬಾವಿ ಕಡಲತೀರ. ಕಡವಿನಲ್ಲಿ ದೋಣಿಯಿದೆ, ಮಳೆಗಾಲದಲ್ಲಿ ಅದನ್ನು ನಂಬಿ ಹೊರಡಬೇಡಿರಿ.

ಎಚ್ಚರಿಕೆ

ಕೆರೆಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತ ತಿಳಿಯುವುದಿಲ್ಲ. ಸೋಮೇಶ್ವರದಲ್ಲಿ ಬಂಡೆಗಳಿವೆ, ಉಳ್ಳಾಲದಲ್ಲಿ ಕಡಲ್ಕೊರೆತವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯಲೇ ಬಾರದು. ಉಳಿದ ತಿಂಗಳುಗಳಲ್ಲೂ ಜೀವರಕ್ಷಕರಿರುವಲ್ಲಿ ಮಾತ್ರ, ಮೊಣಕಾಲಿನ ಮಟ್ಟದವರೆಗೆ ಇಳಿಯಿರಿ. ಯುವಕರ ಗುಂಪನ್ನು ಕರೆತರುವವರು ಇದನ್ನು ಬಸ್ಸು ಹತ್ತುವ ಮೊದಲೇ ಹೇಳಿರಿ.

ಭಾನುವಾರ ಬೆಳಿಗ್ಗೆ ದೇವಾಲಯಗಳಲ್ಲಿ ಬಲಿಪೂಜೆಯಿರುತ್ತದೆ. ನೋಡಲು ಬರುವವರು ಆ ಹೊತ್ತಿನಲ್ಲಿ ಒಳಗೆ ಓಡಾಡಬಾರದು, ಚಿತ್ರ ತೆಗೆಯಬಾರದು. ಗುಂಪಾಗಿ ಬರುವವರು ಸಂಬಂಧಪಟ್ಟ ಕಚೇರಿಗೆ ಮೊದಲೇ ತಿಳಿಸಿದರೆ ಬಾಗಿಲು ಮುಚ್ಚಿದ್ದನ್ನು ಕಂಡು ಹಿಂದಿರುಗುವ ಪ್ರಸಂಗ ಬಾರದು. ಸಂಜೆ ಮರಳುವವರು ಘಟ್ಟ ಹತ್ತುವ ಕೊನೆಯ ಬಸ್ಸಿನ ಸಮಯವನ್ನು ಬಂದಿಳಿದ ಕೂಡಲೇ ಕೇಳಿ ಬರೆದಿಟ್ಟುಕೊಳ್ಳಿರಿ.

ಮುಂದಿನ ಸಲ ಪ್ರವಾಸದ ಪಟ್ಟಿ ಬರೆಯುವಾಗ, ವ್ಯಾನಿನ ಬಾಡಿಗೆ ಕೊಡಲಾಗದೆ ಉಳಿದುಹೋದವರ ಹೆಸರನ್ನು ಮೊದಲು ಬರೆಯೋಣ.