ಪರಂಗಿಮಲೈ ಮೇಲೆ ಬೈಬಲ್ ತೋಟ ಮಾಡಿದ್ರೆ ಏನು ನೆಡಬೇಕು?

ಚೆನ್ನೈನಲ್ಲಿರೋ ನಾವೆಲ್ಲ ಏರ್‌ಪೋರ್ಟಿಗೆ ಹೋಗುವಾಗ ನೋಡೋ ಗುಡ್ಡ ಪರಂಗಿಮಲೈ, ಅಂದ್ರೆ ಸೇಂಟ್ ಥಾಮಸ್ ಮೌಂಟ್. ಯೇಸುವಿನ ಶಿಷ್ಯ ತೋಮ ಕ್ರಿ.ಶ. 72ರಲ್ಲಿ ಇಲ್ಲೇ ಹತನಾದ ಅನ್ನೋದು ನಂಬಿಕೆ. ಪೋರ್ಚುಗೀಸರು 1523ರಲ್ಲಿ ಇಲ್ಲಿ ಚರ್ಚ್ ಕಟ್ಟಿದರು. ಆದ್ರೆ ಒಳಗಿರೋ ಕಲ್ಲಿನ ಶಿಲುಬೆಯ ಮೇಲಿರೋದು ಪರ್ಷಿಯಾದ ಪಹ್ಲವಿ ಲಿಪಿ. ಅಂದ್ರೆ ಪೋರ್ಚುಗೀಸರಿಗಿಂತ ಎಷ್ಟೋ ಮೊದಲೇ ಈ ತೀರದಲ್ಲಿ ಕ್ರೈಸ್ತರಿದ್ದರು.

ಬೈಬಲ್‌ನಲ್ಲಿ ಬರೋ ಗಿಡಮರಗಳನ್ನೇ ನೆಟ್ಟು ತೋಟ ಮಾಡೋದು ಹಲವು ದೇಶಗಳಲ್ಲಿದೆ. ಇಸ್ರೇಲ್‌ನಲ್ಲಿ ನೋಗಾ ಹಾರೆಉವೇನಿ ಕಟ್ಟಿದ ನೆಓತ್ ಕೆದುಮೀಮ್ ಇದರಲ್ಲಿ ಹೆಸರುವಾಸಿ. ಅದನ್ನೇ ಇಲ್ಲಿ ಕಾಪಿ ಮಾಡೋಕಾಗಲ್ಲ. ಆಲಿವ್ ಹೂಬಿಡೋಕೆ ಚಳಿಗಾಲದ ಚಳಿ ಬೇಕು. ಚೆನ್ನೈನಲ್ಲಿ ಜನವರಿ ರಾತ್ರಿಯೂ ಸುಮಾರು 20 ಡಿಗ್ರಿ ಇರುತ್ತೆ. ಲೆಬನಾನಿನ ದೇವದಾರು ಎತ್ತರದ ಬೆಟ್ಟದ ಮರ, ಈ ಸೆಕೆಗೆ ಬದುಕಲ್ಲ. ದಾಳಿಂಬೆ, ಅಂಜೂರ ಬರುತ್ತವೆ.

ನನಗೆ ಹೆಚ್ಚು ಕುತೂಹಲ ಇರೋದು ಇನ್ನೊಂದು ಪಟ್ಟಿ ಬಗ್ಗೆ: ಇಲ್ಲಿಂದ ಅಲ್ಲಿಗೆ ಹೋದವು. ಯೇಸುವಿನ ಪಾದಕ್ಕೆ ಮರಿಯಳು ಹಚ್ಚಿದ್ದು ಜಟಾಮಾಂಸಿ ತೈಲ. ಆ ಬೇರು ಸಿಗೋದು ಹಿಮಾಲಯದಲ್ಲಿ. 2ನೇ ಶತಮಾನದ ಮುಜಿರಿಸ್ ಪಪೈರಸ್‌ನಲ್ಲಿ, ಕೇರಳದ ಬಂದರಿನಿಂದ ಹೊರಟ ಹೆರ್ಮಪೊಲ್ಲೋನ್ ಹಡಗಿನ ಸರಕಿನ ಲೆಕ್ಕದಲ್ಲಿ, ಗಂಗಾತೀರದ ಜಟಾಮಾಂಸಿ ಇದೆ. ಎಸ್ತೇರಳ ಗ್ರಂಥದಲ್ಲಿ ಅರಮನೆಯ ಪರದೆಗಳ ಬಗ್ಗೆ ಹೇಳುವಾಗ 'ಕರ್ಪಸ್' ಅನ್ನೋ ಪದ ಬರುತ್ತೆ. ಅದು ನಮ್ಮ 'ಕಾರ್ಪಾಸ', ಅಂದ್ರೆ ಹತ್ತಿ.

ಹಾಗಾಗಿ ನನ್ನ ಡಿಸೈನ್ ಹೀಗೆ: ಒಂದು ಪಾತಿಯಲ್ಲಿ ದಾಳಿಂಬೆ, ಅಂಜೂರ, ಎದುರು ಪಾತಿಯಲ್ಲಿ ಹತ್ತಿ. ಜಟಾಮಾಂಸಿಯನ್ನು ಮಾತ್ರ ನೆಡೋದು ಬೇಡ. ಅದು 3,000 ಮೀಟರಿಗಿಂತ ಮೇಲೆ ಬೆಳೆಯೋ ಗಿಡ, ಬೇರು ಕಿತ್ತು ಕಿತ್ತು ಈಗ ಅಳಿವಿನಂಚಿನಲ್ಲಿದೆ. ಅದಕ್ಕೊಂದು ಖಾಲಿ ಜಾಗ, ಒಂದು ಬೋರ್ಡು ಸಾಕು.

ಕನ್ನಡ ಬೈಬಲ್ ಈ ದಾರಿಯನ್ನ ಆಗಲೇ ತೋರಿಸಿದೆ. ತಮಿಳಿನವರು 'ಒಲಿವ ಮಲೈ' ಅಂತ ಮೂಲ ಹೆಸರನ್ನೇ ಉಳಿಸಿಕೊಂಡ್ರು; ನಮ್ಮವರು 'ಎಣ್ಣೆಮರಗಳ ಗುಡ್ಡ' ಅಂದ್ರು. ಆಲಿವ್ ಕಂಡೇ ಇರದ ಓದುಗನಿಗೂ ಆ ಮರದ ಕೆಲಸ ಏನು ಅಂತ ಗೊತ್ತಾಯ್ತು.

'ಇದು ಹೊರಗಿಂದ ಬಂದ ಧರ್ಮ' ಅನ್ನೋ ಮಾತು ನಮ್ಮ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಆಗಾಗ ಬರುತ್ತೆ. ಬಂದಿದ್ದು ನಿಜ. ಆದ್ರೆ ಅದರ ಗ್ರಂಥದೊಳಗೆ ನಮ್ಮ ಹತ್ತಿಯೂ ಹಿಮಾಲಯದ ಬೇರೂ ಮೊದಲೇ ಹೋಗಿ ಕೂತಿದ್ದವು. ಗುಡ್ಡ ಹತ್ತಿ ಬಂದವರಿಗೆ ಆ ತೋಟ ಇಷ್ಟು ಹೇಳಿದ್ರೆ ಸಾಕು.